ಯಾರನ್ನು ಕೇಳಬೇಕಿತ್ತು?

ಕಳೆದ ವರ್ಷ ನಮ್ಮ ಕನ್ನಡ ಸಂಘಕ್ಕೆ ಐವತ್ತು ತುಂಬಿತು. ಸ್ಮರಣ ಸಂಚಿಕೆಗೆ ಸಂಘದ ಇತಿಹಾಸ ಬರೆಯುವ ಕೆಲಸ ನನ್ನ ತಲೆಗೆ ಬಂತು. ಬ್ಯಾಂಕಿನಿಂದ ನಿವೃತ್ತನಾದವನು, ಸಮಯವಿದೆ, ನಾಲ್ಕು ಸಾಲು ಬರೆಯಲು ಬರುತ್ತದೆ ಎನ್ನುವುದೇ ಅರ್ಹತೆ. ನಾನೂ ಶ್ರದ್ಧೆಯಿಂದಲೇ ಕೂತೆ. ಹಳೆಯ ನಡಾವಳಿ ಪುಸ್ತಕಗಳನ್ನು ಧೂಳು ಕೊಡವಿ ಓದಿ ಅಧ್ಯಕ್ಷರು, ಕಾರ್ಯದರ್ಶಿಗಳು, ಕಟ್ಟಡ ನಿಧಿಗೆ ಕೊಟ್ಟವರು, ಊರಿನಿಂದ ಬಂದ ಮಂತ್ರಿಗಳು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದೆ. ಹನ್ನೆರಡು ಪುಟ.

ಬಿಡುಗಡೆಯ ದಿನ ಊಟದ ಸಾಲಿನಲ್ಲಿ ಹಿರಿಯರೊಬ್ಬರು ಸಂಚಿಕೆ ತಿರುವಿ ಹಾಕುತ್ತಾ ಕೇಳಿದರು: “ಚಾಳಿನ ಎರಡನೇ ಮಹಡಿಯ ಅಕ್ಕ ಎಲ್ಲಿ?”

ನನಗೆ ತುತ್ತು ಗಂಟಲಲ್ಲೇ ನಿಂತಿತು. ಆ ಅಕ್ಕ ಪ್ರತಿ ಭಾನುವಾರ ತಮ್ಮ ಒಂದೇ ಕೋಣೆಯ ಮನೆಯಲ್ಲಿ, ಒಲೆಯ ಪಕ್ಕದಲ್ಲಿ ಚಾಪೆ ಹಾಸಿ ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸುತ್ತಿದ್ದರು. ಹಾಗೆ ಹತ್ತೊಂಬತ್ತು ವರ್ಷ. ನನ್ನ ಇಬ್ಬರು ಮಕ್ಕಳೂ ಅಲ್ಲೇ ಕಲಿತವರು. ಆದರೆ ಅವರು ಯಾವ ಸಮಿತಿಯಲ್ಲೂ ಇರಲಿಲ್ಲ, ಆದ್ದರಿಂದ ನಡಾವಳಿಯಲ್ಲೂ ಇರಲಿಲ್ಲ. ನಾನು ಪುಸ್ತಕವನ್ನು ಕೇಳಿದೆ, ಜನರನ್ನು ಕೇಳಲಿಲ್ಲ. ಅಕ್ಕ ತೀರಿಕೊಂಡು ಆಗಲೇ ಏಳು ವರ್ಷವಾಗಿತ್ತು.

ಈ ಕೊರಗಿನಲ್ಲಿದ್ದಾಗ ಮಗಳು ತನ್ನ ಕಾಲೇಜಿನ ಗ್ರಂಥಾಲಯದಿಂದ ತಂದಿದ್ದ ಒಂದು ಪುಸ್ತಕ ಕಣ್ಣಿಗೆ ಬಿತ್ತು. ಆಫ್ರಿಕಾದ ಕ್ರೈಸ್ತ ನಾಯಕತ್ವ ಕುರಿತ ಅಧ್ಯಯನ, ರಾಬರ್ಟ್ ಪ್ರೀಸ್ಟ್ ಮತ್ತು ಕಿರಿಮಿ ಬರೀನೆ ಸಂಪಾದಿಸಿ 2017ರಲ್ಲಿ ಹೊರತಂದದ್ದು. ನಾನು ಕ್ರೈಸ್ತನಲ್ಲ, ಆಫ್ರಿಕಾ ನೋಡಿದವನೂ ಅಲ್ಲ. ನನ್ನನ್ನು ಹಿಡಿದು ಕೂರಿಸಿದ್ದು ಅವರು ಕೆಲಸ ಮಾಡಿದ ರೀತಿ.

ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. 1900ರಲ್ಲಿ ಆಫ್ರಿಕಾ ಖಂಡದಲ್ಲಿದ್ದ ಕ್ರೈಸ್ತರು ಸುಮಾರು 1 ಕೋಟಿ. ಇಂದು ಆ ಸಂಖ್ಯೆ 60 ಕೋಟಿ ದಾಟಿದೆ. ಇಷ್ಟು ದೊಡ್ಡ ಬದಲಾವಣೆಯನ್ನು ನಡೆಸಿದವರು ಯಾರು? ಬಹುಕಾಲ ಇದಕ್ಕೆ ಉತ್ತರ ಬರೆದವರು ಯುರೋಪ್, ಅಮೆರಿಕದ ಮಿಷನರಿಗಳು. ಅವರ ಪತ್ರ, ವರದಿ, ದಿನಚರಿಗಳಲ್ಲಿ ಅವರೇ ಮುಖ್ಯ ಪಾತ್ರ. ಹಳ್ಳಿಯಿಂದ ಹಳ್ಳಿಗೆ ನಡೆದು ಹೋದ ಸ್ಥಳೀಯ ಉಪದೇಶಕ ‘ನಮ್ಮ ಸಹಾಯಕ’ ಎಂದಷ್ಟೇ ಬರುತ್ತಾನೆ. ಎಷ್ಟೋ ಸಲ ಹೆಸರೂ ಇಲ್ಲ. ನನ್ನ ಹನ್ನೆರಡು ಪುಟ ನೆನಪಾಯಿತು.

ಈ ಅಧ್ಯಯನದವರು ಅಂಗೋಲಾ, ಮಧ್ಯ ಆಫ್ರಿಕಾ ಗಣರಾಜ್ಯ ಮತ್ತು ಕೀನ್ಯಾ ಎಂಬ ಮೂರು ದೇಶಗಳನ್ನು ಆರಿಸಿಕೊಂಡರು. ಒಂದರಲ್ಲಿ ಪೋರ್ಚುಗೀಸ್, ಇನ್ನೊಂದರಲ್ಲಿ ಫ್ರೆಂಚ್, ಮತ್ತೊಂದರಲ್ಲಿ ಇಂಗ್ಲಿಷ್ ಆಡಳಿತದ ಮತ್ತು ಓದಿನ ಭಾಷೆಯಾಗಿ ಬೇರೂರಿದೆ. ಹಣ ಕೊಟ್ಟದ್ದು ಅಮೆರಿಕದ ಟಿಂಡೇಲ್ ಹೌಸ್ ಫೌಂಡೇಶನ್. ಆಫ್ರಿಕಾದ ಮತ್ತು ಅಮೆರಿಕದ ವಿದ್ವಾಂಸರು ಸೇರಿ ಪ್ರಶ್ನಾವಳಿ ರೂಪಿಸಿ, ಆಯಾ ದೇಶದವರ ಮೂಲಕವೇ 8,000ಕ್ಕೂ ಹೆಚ್ಚು ಸಾಮಾನ್ಯ ವಿಶ್ವಾಸಿಗಳನ್ನು ಮಾತಾಡಿಸಿದರು. ಪ್ರಶ್ನೆ ಸರಳವಾಗಿತ್ತು: ನಿಮ್ಮ ಮೇಲೆ, ನಿಮ್ಮ ಊರಿನ ಮೇಲೆ ಪ್ರಭಾವ ಬೀರಿದ ಪಾದ್ರಿ ಯಾರು? ಪಾದ್ರಿಯಲ್ಲದ ನಾಯಕ ಯಾರು? ಯಾವ ಸಂಸ್ಥೆ? ಜೊತೆಗೆ, ನೀವು ಏನು ಓದುತ್ತೀರಿ? ಹೀಗೆ ಜನರ ಬಾಯಿಂದ ಬಂದ ಹೆಸರುಗಳನ್ನು ಹುಡುಕಿಕೊಂಡು ಹೋಗಿ, ಎರಡನೇ ಸುತ್ತಿನಲ್ಲಿ ಆ ವ್ಯಕ್ತಿಗಳನ್ನೂ ಸಂಸ್ಥೆಗಳನ್ನೂ ವಿವರವಾಗಿ ಸಂದರ್ಶಿಸಿದರು.

ಪಾದ್ರಿಯ ಪ್ರಶ್ನೆಯನ್ನೂ ಪಾದ್ರಿಯಲ್ಲದವರ ಪ್ರಶ್ನೆಯನ್ನೂ ಬೇರೆ ಮಾಡಿದ್ದು ನೋಡಿ, ಜಾಣತನ ಇರುವುದು ಅಲ್ಲೇ. ‘ನಾಯಕ ಯಾರು’ ಎಂದು ಮಾತ್ರ ಕೇಳಿದ್ದರೆ ಎಲ್ಲರೂ ವೇದಿಕೆಯ ಕಡೆಗೇ ಬೆರಳು ತೋರಿಸುತ್ತಿದ್ದರು. ಬೇರೆಯಾಗಿ ಕೇಳಿದ್ದರಿಂದ ಬೇರೆ ಮುಖಗಳೂ ಕಂಡವು. ಕೀನ್ಯಾದಲ್ಲಿ ಜನ ಹೆಸರಿಸಿದ ಸಂಸ್ಥೆಗಳಲ್ಲಿ ಆಂಗ್ಲಿಕನ್ ಚರ್ಚಿನ ‘ಮದರ್ಸ್ ಯೂನಿಯನ್’ ಕೂಡ ಇದೆ. 1876ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ತಾಯಂದಿರ ಸಂಘ ಅದು.

ಇದರ ಎಳೆ ಹಿಡಿದು ಹೋದಾಗ ಇನ್ನೊಂದು ದೊಡ್ಡ ಸಾಮೂಹಿಕ ಕೆಲಸ ಸಿಕ್ಕಿತು: ಆಫ್ರಿಕನ್ ಕ್ರೈಸ್ತ ಜೀವನಚರಿತ್ರೆಗಳ ಕೋಶ. 1995ರಲ್ಲಿ ಜೊನಾಥನ್ ಬಾಂಕ್ ಅವರ ಮುಂದಾಳತ್ವದಲ್ಲಿ ಶುರುವಾಗಿ ಈಗ ಬಾಸ್ಟನ್ ವಿಶ್ವವಿದ್ಯಾಲಯದ ಆಶ್ರಯದಲ್ಲಿದೆ. ಯಾರು ಬೇಕಾದರೂ ಉಚಿತವಾಗಿ ಓದಬಹುದು. ಆಫ್ರಿಕಾದ ಧರ್ಮಶಾಸ್ತ್ರ ಕಾಲೇಜುಗಳ ವಿದ್ಯಾರ್ಥಿಗಳು, ಅಧ್ಯಾಪಕರು ತಮ್ಮ ತಮ್ಮ ಊರಿನ ಹಿರಿಯರನ್ನು ಮಾತಾಡಿಸಿ ಇದಕ್ಕೆ ಬರೆಯುತ್ತಾರೆ. ಒಬ್ಬರ ಬಗ್ಗೆ ಒಂದಕ್ಕಿಂತ ಹೆಚ್ಚು ಲೇಖನ ಇದ್ದರೂ ಅಡ್ಡಿಯಿಲ್ಲ. ನೆನಪುಗಳು ಒಂದಕ್ಕೊಂದು ಹೊಂದದಿದ್ದರೆ ಎರಡೂ ಪಕ್ಕಪಕ್ಕ ಇರಲಿ ಎಂಬ ಉದಾರ ನೀತಿ.

ಜನರ ನೆನಪನ್ನು ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕಾಂಗೋದ ಸಿಮೋನ್ ಕಿಂಬಾಂಗು ಒಳ್ಳೆಯ ಉದಾಹರಣೆ. 1921ರ ಏಪ್ರಿಲ್‌ನಲ್ಲಿ ಎನ್‌ಕಾಂಬಾ ಎಂಬ ಹಳ್ಳಿಯಲ್ಲಿ ಆತ ರೋಗ ಗುಣಪಡಿಸುತ್ತಾ ಬೋಧಿಸತೊಡಗಿದ. ಜನ ಹೊಲ, ಕೆಲಸ ಬಿಟ್ಟು ಹೋಗಿ ಸೇರಿದರು. ಬೆಲ್ಜಿಯಂ ಸರ್ಕಾರ ಹೆದರಿತು. ಅಕ್ಟೋಬರ್‌ನಲ್ಲಿ ಮರಣದಂಡನೆ ವಿಧಿಸಿ, ಬಳಿಕ ಅದನ್ನು ಜೀವಾವಧಿಗೆ ಇಳಿಸಿತು. ಕೆಲವೇ ತಿಂಗಳ ಬೋಧನೆಗೆ ಮೂವತ್ತು ವರ್ಷದ ಸೆರೆ. 1951ರಲ್ಲಿ ಆತ ಸೆರೆಮನೆಯಲ್ಲೇ ಸತ್ತ. ಸರ್ಕಾರಿ ಕಡತದ ಪ್ರಕಾರ ಆತ ಒಬ್ಬ ದಂಗೆಕೋರ, ಕಥೆ ಅಲ್ಲಿಗೇ ಮುಗಿಯಿತು. ಆದರೆ ಆ ಮೂವತ್ತು ವರ್ಷ ಹೊರಗೆ ಚಳವಳಿಯನ್ನು ಗುಟ್ಟಾಗಿ ಉಳಿಸಿಕೊಂಡು ಬಂದವಳು ಹೆಂಡತಿ ಮರೀ ಮ್ವೀಲು. 1959ರ ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡಳು. ಅದೇ ಡಿಸೆಂಬರ್‌ನಲ್ಲಿ ಅವರ ಚರ್ಚಿಗೆ ಸರ್ಕಾರದ ಮಾನ್ಯತೆ ಸಿಕ್ಕಿತು. ಇಂದು ಅದು ಲಕ್ಷಾಂತರ ಜನರ ಚರ್ಚು. ಆಕೆಯನ್ನು ಬಿಟ್ಟು ಅದರ ನಾಯಕತ್ವದ ಚರಿತ್ರೆ ಬರೆಯಲು ಹೊರಟರೆ ನಡುವಿನ ಮೂವತ್ತು ವರ್ಷ ಖಾಲಿ ಬೀಳುತ್ತದೆ.

ಹೀಗೆ ಕೇಳಿ ಬರೆಯುವುದು ಹೊಸ ಸಂಶೋಧಕರ ಆವಿಷ್ಕಾರವೂ ಅಲ್ಲ. ಈಗಿನ ಘಾನಾದಲ್ಲಿ ಕಾರ್ಲ್ ಕ್ರಿಶ್ಚಿಯನ್ ರೈನ್‌ಡಾರ್ಫ್ ಎಂಬ ಆಫ್ರಿಕನ್ ಪಾದ್ರಿ ಇದ್ದರು. ಗಂಡಸರು ಹೆಂಗಸರು ಸೇರಿ 200ಕ್ಕೂ ಹೆಚ್ಚು ಜನರ ಬಾಯಿಂದ ಕೇಳಿ ಗೋಲ್ಡ್ ಕೋಸ್ಟ್ ಮತ್ತು ಅಶಾಂತಿಯ ಇತಿಹಾಸ ಬರೆದು 1895ರಲ್ಲಿ ಪ್ರಕಟಿಸಿದರು. ಅವರು ಸೇವೆಯಲ್ಲಿದ್ದದ್ದು ಬಾಸೆಲ್ ಮಿಷನ್ನಿನಲ್ಲಿ. ಹೌದು, ನಮ್ಮ ಮಂಗಳೂರಿನ ಹೆಂಚಿನ, ಮುದ್ರಣಾಲಯದ ಅದೇ ಬಾಸೆಲ್ ಮಿಷನ್. 1853ರಲ್ಲಿ ಅದು ಕಿಟ್ಟೆಲ್ ಅವರನ್ನು ನಮ್ಮ ಕಡೆಗೂ, ಕ್ರಿಸ್ಟಾಲರ್ ಅವರನ್ನು ಗೋಲ್ಡ್ ಕೋಸ್ಟಿಗೂ ಕಳಿಸಿತು. ಒಬ್ಬರು ಕನ್ನಡ ನಿಘಂಟು ಮಾಡಿದರು, ಇನ್ನೊಬ್ಬರು ಅಲ್ಲಿಯ ಟ್ವಿ ಭಾಷೆಯ ನಿಘಂಟು. ಆ ಇಬ್ಬರ ಹೆಸರು ನಿಘಂಟಿನ ಮುಖಪುಟದಲ್ಲಿದೆ. ಪದ ಹೇಳಿಕೊಟ್ಟ ನೂರಾರು ನಾಲಗೆಗಳ ಹೆಸರು ಎಷ್ಟು ಉಳಿದಿದೆ?

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಅನುಮಾನವನ್ನೂ ಹೇಳಬೇಕು. ಜನರನ್ನು ಕೇಳಿದರೆ ಸತ್ಯವೇ ಬರುತ್ತದೆ ಎಂದೇನಿಲ್ಲ. ಜೋರು ದನಿಯವರ ಹೆಸರು ಬೇಗ ನೆನಪಾಗುತ್ತದೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳುವ ರೂಢಿ ಎಲ್ಲ ಕಡೆ ಇದೆ. ಹಣ ಹೊರಗಿನಿಂದ ಬಂದಾಗ ಪ್ರಶ್ನೆ ಯಾರದ್ದು ಎಂಬುದೂ ಮುಖ್ಯ. ಅದಕ್ಕೇ ಒಬ್ಬರೇ ಕೂತು ಮಾಡುವ ಕೆಲಸ ಇದಲ್ಲ. ಒಳಗಿನವನಿಗೆ ಕಣ್ಣಿಗೇ ಬೀಳದ್ದು ಹೊರಗಿನವನಿಗೆ ಕಾಣುತ್ತದೆ. ಹೊರಗಿನವನಿಗೆ ಅರ್ಥವಾಗದ ಮೌನ ಒಳಗಿನವನಿಗೆ ಅರ್ಥವಾಗುತ್ತದೆ.

ಈಗ ನಾನು ಒಂದು ನೋಟುಪುಸ್ತಕ ಇಟ್ಟುಕೊಂಡಿದ್ದೇನೆ. ಸಂಘದ ಹಳೆಯ ಕುಟುಂಬಗಳ ಮನೆಗೆ ಹೋಗಿ ಆಫ್ರಿಕಾದವರಿಂದ ಕಲಿತ ಎರಡು ಪ್ರಶ್ನೆ ಕೇಳುತ್ತೇನೆ. ಸಂಘದಲ್ಲಿ ನಿಮಗೆ ದಾರಿ ತೋರಿದ ಪದಾಧಿಕಾರಿ ಯಾರು? ಪದಾಧಿಕಾರಿಯಲ್ಲದವರು ಯಾರು? ಮೊದಲನೆಯದಕ್ಕೆ ಉತ್ತರ ತಟ್ಟನೆ ಬರುತ್ತದೆ. ಎರಡನೆಯದಕ್ಕೆ ಜನ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ, ಆಮೇಲೆ ಮಾತು ನಿಲ್ಲುವುದಿಲ್ಲ. ಇದುವರೆಗೆ ಹದಿನಾಲ್ಕು ಮನೆ ಆಗಿದೆ. ಎರಡನೇ ಮಹಡಿಯ ಅಕ್ಕನ ಹೆಸರು ಒಂಬತ್ತು ಮನೆಗಳಲ್ಲಿ ಬಂತು. ಜೊತೆಗೆ, ಊರಿಂದ ಹೊಸದಾಗಿ ಬಂದ ಹುಡುಗರಿಗೆ ಸಾಲದ ಲೆಕ್ಕದಲ್ಲಿ ಊಟ ಹಾಕಿ, ಆ ಲೆಕ್ಕವನ್ನು ಎಂದೂ ತೆಗೆದು ನೋಡದ ಒಬ್ಬ ಖಾನಾವಳಿಯವರ ಹೆಸರೂ ಬಂದಿದೆ. ನನಗೆ ಅವರ ಸುದ್ದಿಯೇ ಗೊತ್ತಿರಲಿಲ್ಲ.

ನಿಮ್ಮ ಊರಿನ ಸಂಘದಲ್ಲೂ ಎಪ್ಪತ್ತು, ಎಂಬತ್ತು ದಾಟಿದವರು ಇದ್ದೇ ಇರುತ್ತಾರೆ. ಬರುವ ಭಾನುವಾರ ಒಂದು ಮನೆಗೆ ಹೋಗಿ ಬನ್ನಿ. ಎರಡನೇ ಪ್ರಶ್ನೆಯನ್ನು ಕೇಳಿ, ಉತ್ತರ ಬರುವ ತನಕ ಸುಮ್ಮನೆ ಕೂತಿರಿ.