ಹತ್ತಿರದ ಬೆಟ್ಟದ ಸವಕಳಿ

ದೂರದ ಬೆಟ್ಟ ನುಣ್ಣಗೆ ಅಂತಾರೆ. ಹತ್ತಿರದ ಬೆಟ್ಟ ಕಣ್ಣಿಗೇ ಬೀಳುವುದಿಲ್ಲ ಎಂಬುದು ನನ್ನ ಅನುಭವ. ಅಂಧೇರಿಯ ಗಿಲ್ಬರ್ಟ್ ಹಿಲ್ ಪಕ್ಕದಲ್ಲೇ ಹಾದು ಏಳು ವರ್ಷ ಕನ್ನಡ ಶಾಲೆಗೆ ಹೋದವನು ನಾನು. ಜ್ವಾಲಾಮುಖಿಯ ಚಿತ್ರ ಬರೆಯಿರಿ ಎಂದರೆ ಮೂರು ಮೂಲೆಯ ಗುಡ್ಡ, ತುದಿಯಲ್ಲಿ ಹೊಗೆ ಬರೆದು ಮಾರ್ಕು ಗಿಟ್ಟಿಸುತ್ತಿದ್ದೆ. ಈ ಗುಡ್ಡವೂ ಬೆಂಕಿಯಲ್ಲಿ ಹುಟ್ಟಿದ್ದೇ ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ದಖ್ಖನ್ನಿನಲ್ಲಿ ನಡೆದದ್ದು ಬೇರೆ ಥರ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಉದ್ದುದ್ದ ಬಿರುಕು ಬಿಟ್ಟು ಲಾವಾರಸ ಹೊಳೆಯಾಗಿ ಹರಿಯಿತು. ಪದರದ ಮೇಲೆ ಪದರ ಕೂತು ಕೆಲವು ಕಡೆ ಎರಡು ಕಿಲೋಮೀಟರಿಗೂ ಮಿಕ್ಕಿ ದಪ್ಪವಾಯಿತು. ಮಳೆ, ನದಿಗಳು ಅದನ್ನೇ ಕೊರೆದು ಇಲ್ಲಿನ ಸಹ್ಯಾದ್ರಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡೆದವು. ಗಿಲ್ಬರ್ಟ್ ಹಿಲ್ ಆ ಯುಗದ ಕೊನೆಯ ಕಡೆಯದು. ರಸ ನಿಧಾನವಾಗಿ ಆರುತ್ತ ಕುಗ್ಗಿ ಸೀಳಿದ್ದರಿಂದ ಕಂಬಗಳನ್ನು ಒತ್ತಿ ನಿಲ್ಲಿಸಿದಂತಿದೆ. ಎತ್ತರ ಸುಮಾರು 200 ಅಡಿ, ನೆತ್ತಿಯಲ್ಲಿ ಗಾವದೇವಿಯ ಗುಡಿ.

ಮಳೆಗಾಳಿಗೆ ಬೆಟ್ಟ ಸವೆಯುವುದನ್ನು ಶಾಲೆಯಲ್ಲಿ 'ಸವಕಳಿ' ಎಂದು ಕಲಿತೆ. ಈಗ ಕಾಮರ್ಸಿನಲ್ಲಿ ಡಿಪ್ರಿಸಿಯೇಶನ್ನಿಗೂ ಕನ್ನಡದಲ್ಲಿ ಸವಕಳಿಯೇ! ಯಂತ್ರ ಸವೆದರೆ ವರ್ಷಾವರ್ಷ ಲೆಕ್ಕ ಬರೆದು ಹೊಸದಕ್ಕೆ ಹಣ ತೆಗೆದಿಡಬಹುದು. ಬೆಟ್ಟಕ್ಕೆ ಯಾವ ಖಾತೆ? ಕೋಟಿಗಟ್ಟಲೆ ವರ್ಷದ ಮಳೆಗೆ ಜಗ್ಗದ ಈ ಗುಡ್ಡವನ್ನು ಕಲ್ಲುಗಣಿಗಳು ಸುತ್ತಲಿಂದ ತಿಂದು ಒಂದು ಕಂಬವಾಗಿ ಉಳಿಸಿವೆ. 2007ರಲ್ಲಿ ಮಹಾನಗರಪಾಲಿಕೆ ಅದನ್ನು ಪಾರಂಪರಿಕ ತಾಣವೆಂದು ಸಾರಿತು. ಅಷ್ಟರಲ್ಲಿ ಬುಡದವರೆಗೂ ಮನೆಗಳು ಬಂದಿದ್ದವು.

ಕಲ್ಲು ಒಡೆದವರನ್ನು ಬೈಯಲು ನನಗೆ ಬಾಯಿಲ್ಲ. 1972ರ ಬರಕ್ಕೆ ವಿಜಾಪುರ ಸೀಮೆ ಬಿಟ್ಟು ಬಂದ ನಮ್ಮ ಅಜ್ಜ ಈ ಕಡೆಯ ಗಣಿಯೊಂದರಲ್ಲಿ ಖಡಿ ಒಡೆದವನು. ಆ ಕೂಲಿಯಿಂದಲೇ ಅಪ್ಪ ಶಾಲೆ ಕಂಡದ್ದು. ಗೋಲಗುಮ್ಮಟದ ಕಪ್ಪು ಕಲ್ಲೂ ಇದೇ ಲಾವಾದ್ದು ಎಂದು ಮೊನ್ನೆ ಓದಿದಾಗ ಮೈ ಜುಮ್ಮೆಂದಿತು. ಅಜ್ಜ ಬಿಟ್ಟು ಬಂದ ಕಲ್ಲೂ, ಬಂದು ಒಡೆದ ಕಲ್ಲೂ ಒಂದೇ ಜಾತಿ! ಆದರೆ ಲಾಭ ಯಾರದೋ ಜೇಬಿಗೆ ಹೋಯಿತು, ಧೂಳು ಅಜ್ಜನ ಎದೆಗೆ. ಬೆಟ್ಟದ ಹೆಸರಿನಲ್ಲಿ ಮಾತ್ರ ಯಾರೂ ಏನೂ ಜಮಾ ಮಾಡಲಿಲ್ಲ.

ಆ ಬಾಕಿ ನಮ್ಮ ಮನೆಯ ಮೇಲೂ ಇದೆ. ತೀರಿಸುವ ದಾರಿ ಗೊತ್ತಿಲ್ಲ, ಮೊದಲು ಕಣ್ಣೆತ್ತಿ ನೋಡೋಣ ಅಂತೀನಿ. ಈ ಸಲ ಸಂಘದ ಪ್ರವಾಸ ಲೋನಾವಳಕ್ಕೆ ಬೇಡ, ಅಂಧೇರಿಗೆ ಇರಲಿ. ಲೋಕಲ್ ಟಿಕೀಟಿನಲ್ಲೇ ಮುಗಿಯುತ್ತೆ, ಖಜಾಂಚಿಗೂ ಖುಷಿ.