ನರ್ಸಿಂಗ್ ಕೆಲಸದ ಫೈಲ್ ಪಿಯುಸಿಯಲ್ಲೇ ಶುರುವಾಗಲಿ

ನಮ್ಮ ವಿಜ್ಞಾನ ವಿಭಾಗದಲ್ಲಿ ಮುಂದೇನು ಎಂದು ಕೇಳಿದರೆ ಹಲವು ಹುಡುಗಿಯರು ನರ್ಸಿಂಗ್ ಎನ್ನುತ್ತಾರೆ. ಈಚೆಗೆ ಹುಡುಗರೂ ಎನ್ನುತ್ತಿದ್ದಾರೆ. ಬಿಎಸ್ಸಿ ನರ್ಸಿಂಗ್‌ಗೆ 4 ವರ್ಷ, ಜಿಎನ್‌ಎಂಗೆ 3 ವರ್ಷ. ಇಷ್ಟು ವರ್ಷ ಓದಿದವರೂ ಸಂದರ್ಶನಕ್ಕೆ ಎರಡು ದಿನ ಇರುವಾಗ ಝೆರಾಕ್ಸ್ ಅಂಗಡಿಗೆ ಓಡಿ, ಬೇರೆ ಯಾರದೋ ರೆಸ್ಯೂಮೆಯಲ್ಲಿ ತಮ್ಮ ಹೆಸರು ಟೈಪ್ ಮಾಡಿಸಿಕೊಂಡು ಬರುತ್ತಾರೆ. ಇದು ಸರಿಯಲ್ಲ. ಫೈಲ್ ಮಾಡುವ ಕೆಲಸ ಈಗಲೇ ಶುರುವಾಗಬೇಕು.

ಮೊದಲು ಹೆಸರು. ಅಂಕಪಟ್ಟಿಯಲ್ಲಿ ಶೇಖ್ ಮುಂದೆ, ಆಧಾರ್‌ನಲ್ಲಿ ಹಿಂದೆ. ಒಂದರಲ್ಲಿ ಬೇಗಂ, ಇನ್ನೊಂದರಲ್ಲಿ ಬಾನು. ನಮ್ಮ ಮನೆಗಳಲ್ಲಿ ಇದು ಮಾಮೂಲಿ. ಆದರೆ ಓದು ಮುಗಿದ ಮೇಲೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿಯಾಗಬೇಕು, ಮಹಾರಾಷ್ಟ್ರದಲ್ಲಿ ಕೆಲಸ ಮಾಡುವುದಾದರೆ ಅಲ್ಲಿನ ಕೌನ್ಸಿಲ್‌ನಲ್ಲೂ ಆಗಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಟಿ.ಸಿ. ಮೂರನ್ನೂ ಇವತ್ತು ರಾತ್ರಿಯೇ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿ.

ಫೈಲಿನ ಜೀವ ಇರುವುದು ಬಣ್ಣದ ಹೊದಿಕೆಯಲ್ಲಲ್ಲ, ವಾರ್ಡಿನಲ್ಲಿ ಕೈಯಾರೆ ಮಾಡಿದ ಕೆಲಸದ ದಾಖಲೆಯಲ್ಲಿ. ನರ್ಸಿಂಗ್ ವಿದ್ಯಾರ್ಥಿಗಳಿಗೆ ಲಾಗ್ ಬುಕ್ ಇರುತ್ತದೆ. ಇಂಜೆಕ್ಷನ್, ಡ್ರೆಸ್ಸಿಂಗ್, ಹೆರಿಗೆ, ಏನೇನು ನೋಡಿದೆವು, ಏನೇನು ಮಾಡಿದೆವು ಎಂದು ಅದರಲ್ಲಿ ಬರೆದು ಮೇಲಿನವರ ಸಹಿ ಪಡೆಯಬೇಕು. ವರ್ಷದ ಕೊನೆಗೆ ಗೆಳತಿಯ ಪುಸ್ತಕ ನೋಡಿ ಒಂದೇ ಕೂರಿಕೆಯಲ್ಲಿ ತುಂಬುವವರೂ ಇದ್ದಾರಂತೆ! ಇಪ್ಪತ್ತು ಸಲ ಕ್ಯಾಥೆಟರ್ ಹಾಕಿದ್ದೇನೆ ಎಂದು ಬರೆದವಳಿಗೆ ಮೇಟ್ರನ್, "ಕೈ ತೊಳೆಯುವುದರಿಂದ ಶುರು ಮಾಡಿ ಹೇಳಮ್ಮಾ" ಎಂದರೆ? ನಾಲ್ಕೇ ಸಲ ಮಾಡಿದ್ದರೆ ನಾಲ್ಕು ಎಂದೇ ಬರೆಯಲಿ, ಆ ನಾಲ್ಕರ ಬಗ್ಗೆ ಧೈರ್ಯವಾಗಿ ಮಾತನಾಡಲಿ. ಗಲ್ಫ್ ಕನಸು ಇದ್ದವರಿಗಂತೂ ಸುಳ್ಳು ಇನ್ನೂ ದುಬಾರಿ. ಡೇಟಾಫ್ಲೋ ಎಂಬ ಪರಿಶೀಲನೆಯಲ್ಲಿ ಪ್ರಮಾಣಪತ್ರ ನಿಜವೇ ಎಂದು ಅದನ್ನು ಕೊಟ್ಟ ಕಾಲೇಜು, ಆಸ್ಪತ್ರೆಗಳನ್ನೇ ನೇರವಾಗಿ ಕೇಳುತ್ತಾರೆ.

ಇನ್ನೊಂದು ಮಾತು. ಫೈಲಿನಲ್ಲಿ ರೋಗಿಯ ಹೆಸರು, ಫೋಟೊ ಇರಬಾರದು. ಅವರ ಕಾಯಿಲೆ ನಮ್ಮ ಜಾಹೀರಾತಲ್ಲ.

ಪಿಯುಸಿಯಲ್ಲಿ ನಮ್ಮ ಬಳಿ ಏನಿದೆ ಎಂದು ಕೇಳುವಿರಿ. ಭಾಷೆ ಇದೆ. ಚಿಕ್ಕೋಡಿ ಭಾಗದ ರೋಗಿಗಳು ಬೆಳಗಾವಿಗೂ ಹೋಗುತ್ತಾರೆ, ಮಿರಜಕ್ಕೂ ಹೋಗುತ್ತಾರೆ. ಡಾ. ವಾನ್ಲೆಸ್ 1894ರಲ್ಲಿ ಕಟ್ಟಿದ ಆಸ್ಪತ್ರೆಯಿಂದ ಮಿರಜಕ್ಕೆ ಬಂದ ಹೆಸರು ಗಡಿ ನೋಡಲಿಲ್ಲ. ಎದೆ ಹಿಡಿದುಕೊಂಡು ಬಂದ ಅಜ್ಜಿಯ ಕನ್ನಡವೂ ಅರ್ಥವಾಗಿ, ಡಾಕ್ಟರರ ಮರಾಠಿಯೂ ಅರ್ಥವಾಗುವ ನರ್ಸ್ ಎರಡೂ ಕಡೆಯ ಆಸ್ಪತ್ರೆಗಳಿಗೆ ಬೇಕು. ಉರ್ದು ನಮಗೆ ಮನೆಯಲ್ಲಿ ಬಂತು, ಕನ್ನಡ ಶಾಲೆಯಲ್ಲಿ, ಮರಾಠಿ ಸಂತೆಯಲ್ಲಿ. ಇದನ್ನು ರೆಸ್ಯೂಮೆಯ ಕೊನೆಯ ಸಾಲಿಗೆ ತಳ್ಳದೆ ಮೇಲೆಯೇ ಬರೆಯಬೇಕು. ಯಾವುದನ್ನು ಓದಲು ಬರೆಯಲು ಬರುತ್ತದೆ, ಯಾವುದು ಬರೀ ಮಾತಿಗೆ ಎಂಬುದನ್ನೂ ಬೇರೆ ಮಾಡಿ ಬರೆಯಿರಿ. ಮರಾಠಿ ಬರುತ್ತದೆ ಎಂದು ನೋಡಿದ ಮೇಲೆ ಅವರು ಮುಂದಿನ ಪ್ರಶ್ನೆಯನ್ನು ಮರಾಠಿಯಲ್ಲೇ ಕೇಳಬಹುದು.