ಹೆಸರು ಅವರದ್ದು, ನಷ್ಟ ಯಾರದ್ದು?

ಇತ್ತೀಚೆಗೆ ನನ್ನ ತಂಗಿಯ ಮಗ ಕಾಗದಗಳ ಕಟ್ಟೊಂದನ್ನು ಹಿಡಿದು ಮನೆಗೆ ಬಂದಿದ್ದ. ಧಾರೇಶ್ವರದಲ್ಲಿ ಹೆದ್ದಾರಿಗೆ ತಾಗಿದ ಕಟ್ಟಡವನ್ನು ಬಾಡಿಗೆಗೆ ಪಡೆದು, ಬರ್ಗರ್-ಪಿಜ್ಜಾ ಮಾರುವ ಕಂಪನಿಯೊಂದರ ಫ್ರಾಂಚೈಸಿ ನಡೆಸುವುದು ಅವನ ಯೋಜನೆ. ಬಂಡವಾಳಕ್ಕಾಗಿ ಅಡಿಕೆ ತೋಟವನ್ನು ಅಡವಿಡಬೇಕು. “ಮಾವ, ಹೆಸರು ಅವರದ್ದು, ತರಬೇತಿ ಅವರದ್ದು. ನಾವು ಅಂಗಡಿ ನೋಡಿಕೊಂಡರೆ ಸಾಕು” ಎಂದ. ನಷ್ಟ ಯಾರದ್ದು ಎಂಬುದನ್ನು ಮಾತ್ರ ಯಾರೂ ಅವನಿಗೆ ಹೇಳಿರಲಿಲ್ಲ.

1995ರಲ್ಲಿ ಬೆಂಗಳೂರಿನಲ್ಲಿ ಕೆಂಟಕಿ ಫ್ರೈಡ್ ಚಿಕನ್ ತನ್ನ ಮಳಿಗೆಯನ್ನು ತೆರೆಯಿತು. 1996ರ ಜನವರಿ 30ರಂದು ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರಾಜ್ಯ ರೈತ ಸಂಘದ ಕಾರ್ಯಕರ್ತರು ಅದರ ಮೇಲೆ ದಾಳಿ ಮಾಡಿದರು. ಇಂಥ ಅಂಗಡಿ ನಮ್ಮ ನೆಲಕ್ಕೆ ಬರಬೇಕೇ ಎಂಬುದು ಅಂದಿನ ಪ್ರಶ್ನೆ. ಇಂದು ಅದರ ಒಡೆಯರಾಗಲು ರೈತರ ಮಕ್ಕಳೇ ಹೊರಟಿದ್ದಾರೆ. ಅವರನ್ನು ದೂಷಿಸಿ ಪ್ರಯೋಜನವಿಲ್ಲ. ಕೊಳೆರೋಗ, ಎಲೆಚುಕ್ಕಿ ರೋಗ, ಕೂಲಿಯಾಳುಗಳ ಅಭಾವಗಳ ನಡುವೆ ತೋಟವೊಂದನ್ನೇ ನೆಚ್ಚಿ ಕುಳಿತಿರಿ ಎನ್ನುವ ಧೈರ್ಯ ಕೃಷಿ ವಿಜ್ಞಾನಿಯಾದ ನನಗೂ ಇಲ್ಲ. ಆದರೆ ಲೆಕ್ಕ ಹಾಕಿ ಎಂದು ಹೇಳಬಲ್ಲೆ.

ಲಾಭಗಳಿಲ್ಲವೆಂದಲ್ಲ. ಪರಿಚಿತ ಹೆಸರು ಮೊದಲ ದಿನದಿಂದಲೇ ಗಿರಾಕಿಗಳನ್ನು ಕರೆತರುತ್ತದೆ. ಅಳತೆ, ಶುಚಿತ್ವ, ಲೆಕ್ಕಪತ್ರಗಳ ಶಿಸ್ತು ಕಲಿಯಲು ಸಿಗುತ್ತದೆ. ಇದಕ್ಕೆ ಪ್ರತಿಯಾಗಿ ಕಂಪನಿಯು ಪ್ರವೇಶ ಶುಲ್ಕವನ್ನೂ, ನಂತರ ರಾಯಲ್ಟಿ ಮತ್ತು ಜಾಹೀರಾತು ವಂತಿಗೆಯನ್ನೂ ಪಡೆಯುತ್ತದೆ. ಅಮೆರಿಕದಲ್ಲಿ ಮೆಕ್‌ಡೊನಾಲ್ಡ್ಸ್ ಪ್ರವೇಶ ಶುಲ್ಕವೇ 45,000 ಡಾಲರ್; 2024ರಿಂದ ಹೊಸ ಮಳಿಗೆಗಳ ರಾಯಲ್ಟಿ ಶೇಕಡಾ 4ರಿಂದ 5ಕ್ಕೆ ಏರಿದೆ.

ಗಮನಿಸಬೇಕಾದದ್ದು, ರಾಯಲ್ಟಿಯನ್ನು ಸಾಮಾನ್ಯವಾಗಿ ಲಾಭದ ಮೇಲಲ್ಲ, ಒಟ್ಟು ಮಾರಾಟದ ಮೇಲೆ ವಿಧಿಸುತ್ತಾರೆ. ಉದಾಹರಣೆಗೆ, ತಿಂಗಳ ಮಾರಾಟ 8 ಲಕ್ಷ ರೂಪಾಯಿ. ಸಾಮಗ್ರಿ, ಸಂಬಳ, ಬಾಡಿಗೆ, ವಿದ್ಯುತ್ತು, ಸಾಲದ ಕಂತು ಕಳೆದು 60,000 ಉಳಿಯಿತೆನ್ನಿ. ರಾಯಲ್ಟಿ ಮತ್ತು ಜಾಹೀರಾತಿಗೆಂದು ಒಟ್ಟು ಶೇಕಡಾ 9ರಷ್ಟು, ಅಂದರೆ 72,000 ಕೊಡಬೇಕಾದರೆ ಕಂಪನಿಗೆ ಆದಾಯ, ಒಡೆಯನಿಗೆ 12,000 ನಷ್ಟ.

ಅಮೆರಿಕದಲ್ಲಿ ಒಪ್ಪಂದಕ್ಕೆ ಕನಿಷ್ಠ 14 ದಿನ ಮೊದಲೇ ಕಂಪನಿಯು ಎಲ್ಲ ವೆಚ್ಚಗಳ ವಿವರವನ್ನು ಲಿಖಿತವಾಗಿ ಕೊಡಬೇಕೆಂಬ ನಿಯಮವಿದೆ. ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನಿಲ್ಲ. 1872ರ ಕರಾರು ಕಾಯಿದೆಯಂಥ ಸಾಮಾನ್ಯ ಕಾನೂನುಗಳೇ ಗತಿ. ಇನ್ನೊಂದು ಎಚ್ಚರಿಕೆ: ಇಲ್ಲಿ ಡಾಮಿನೋಸ್ ಮಳಿಗೆಗಳನ್ನು ಜುಬಿಲಂಟ್ ಫುಡ್‌ವರ್ಕ್ಸ್ ಸ್ವತಃ ನಡೆಸುತ್ತದೆ, ಬಿಡಿ ವ್ಯಕ್ತಿಗಳಿಗೆ ಕೊಡುವುದಿಲ್ಲ. ಅಂಥ ಹೆಸರು ಹೇಳಿ ಮುಂಗಡ ಕೇಳುವವರನ್ನು ನಂಬಬೇಡಿ.

ನಮ್ಮ ಕರಾವಳಿಯ ಮಳೆಗಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿ ಬದಿಯ ಚಹಾದಂಗಡಿಯೂ ಅದರಲ್ಲಿದ್ದ ಜೀವಗಳೂ ಮಣ್ಣಾದವು. 66ನೆಯ ಹೆದ್ದಾರಿ ಅನೇಕ ದಿನ ಮುಚ್ಚಿತ್ತು. ವಾಹನ ನಿಂತರೆ ಮಾರಾಟ ನಿಲ್ಲುತ್ತದೆ, ಬಾಡಿಗೆ ಮತ್ತು ಬಡ್ಡಿ ನಿಲ್ಲುವುದಿಲ್ಲ. ಗುಡ್ಡ ಕಡಿದು ಅಗಲಗೊಳಿಸಿದ ರಸ್ತೆಯನ್ನು ನಂಬಿ ತೋಟವನ್ನು ಅಡವಿಡುವವರು ಇದನ್ನು ಮರೆಯಬಾರದು.

ಊರಿಗೆ ದಕ್ಕುವುದೇನು ಎಂಬುದು ಕೊನೆಯ ಪ್ರಶ್ನೆ. ಫ್ರಾಂಚೈಸಿ ಅಂಗಡಿಯು ಕಂಪನಿ ಸೂಚಿಸಿದವರಿಂದಲೇ ಹೆಚ್ಚಿನ ಸಾಮಗ್ರಿಗಳನ್ನು ಕೊಳ್ಳಬೇಕು. ಕುಮಟಾದ ಸಿಹಿ ಈರುಳ್ಳಿ ಅದೇ ಹೆದ್ದಾರಿಯ ಬದಿಯಲ್ಲಿ ಗೊಂಚಲಾಗಿ ತೂಗುತ್ತಿದ್ದರೂ ಆ ಅಡುಗೆಮನೆಯನ್ನು ಸೇರಲಾರದು. ಅಘನಾಶಿನಿ ಗಜನಿಯ ಕಗ್ಗ ಅಕ್ಕಿ, ಘಟ್ಟದ ಮುರುಗಲು, ಅಪ್ಪೆಮಿಡಿ ಯಾವುದಕ್ಕೂ ಅಲ್ಲಿ ಸ್ಥಳವಿಲ್ಲ. ಇವುಗಳಿಗೆ ಬೇಡಿಕೆ ಇಲ್ಲವಾದರೆ ಅವನ್ನು ಬೆಳೆಯುವ ಗದ್ದೆಗಳೂ ಕಾಯುವ ಕಾಡೂ ಉಳಿಯುವುದು ಕಷ್ಟ.

ತಂಗಿಯ ಮಗನಿಗೆ ಬೇಡವೆಂದು ಹೇಳಲಿಲ್ಲ. ಅಂಥ ಅಂಗಡಿಯೊಂದರಲ್ಲಿ ಆರು ತಿಂಗಳು ದುಡಿದು, ಅವರ ಶಿಸ್ತನ್ನು ಕಲಿತು ಬಾ ಎಂದೆ. ಆಮೇಲೆ ಚಿಕ್ಕದಾಗಿ, ನಿನ್ನದೇ ಹೆಸರಿನಲ್ಲಿ, ಊರಿನ ಬೆಳೆಯನ್ನು ಕೊಂಡು ಆರಂಭಿಸು. ಸೋತರೂ ತೋಟ ಉಳಿದಿರುತ್ತದೆ ಎಂದೆ. ಕಾಗದಗಳಿಗೆ ಅವನಿನ್ನೂ ಸಹಿ ಹಾಕಿಲ್ಲ.